ಕೆಳಗಿಂದ ಕೂಗಿದಾಗ ಇಳಿದು ಬರ್ತೀರಾ?

ಯೌವನಸ್ಥರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: 1 ಪೂರ್ವಕಾಲವೃತ್ತಾಂತ 17, 28 ಮತ್ತು 29ನೇ ಅಧ್ಯಾಯಗಳು

ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಚೇರ್ ಖಾಲಿ ಇದೆ. ಫೋನ್‌ನಲ್ಲಿ ಬೈಬಲ್ ಓದೋರು ಓದಿ, ಪರವಾಗಿಲ್ಲ, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

ಸಂದೇಶಕ್ಕೆ ಹೋಗೋ ಮುಂಚೆ ನಾನು ನಿಮ್ಮೆಲ್ಲರ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ವಿಗ್ರಹಗಳ ಬಗ್ಗೆ ಮಾತಾಡಿದ್ದೆ. ಕೆಲವರಿಗೆ ನೆನಪಿರಬಹುದು. "ನಿನ್ನ ರೂಮಲ್ಲಿ ಯಾವುದನ್ನ ಬೀಗ ಹಾಕಿ ಕಾಪಾಡ್ತೀಯೋ ಅದೇ ನಿನ್ನ ವಿಗ್ರಹ, ಇವತ್ತೇ ಹೋಗಿ ಆಫ್ ಮಾಡು" ಅಂತ ಕೂಗಿ ಹೇಳಿದ್ದೆ. ನನ್ನ ಮನಸ್ಸಲ್ಲಿ ಇದ್ದದ್ದು ನಿಮ್ಮ ಗೇಮಿಂಗ್, ನಿಮ್ಮ ರೀಲ್ಸ್. ನೀವು ಜೋರಾಗಿ ಆಮೆನ್ ಅಂದ್ರಿ. ಒಳ್ಳೇ ಸಂದೇಶ ಕೊಟ್ಟೆ ಅಂತ ನಾನೂ ಖುಷಿಯಾಗಿ ಮನೆಗೆ ಹೋದೆ.

ಆ ಮಾತನ್ನ ಅಕ್ಷರಕ್ಕೆ ಅಕ್ಷರ ಪಾಲಿಸಿದ್ದು ಯಾರು ಗೊತ್ತಾ? ಮೂರನೇ ಸಾಲಲ್ಲಿ ಕೂತಿದ್ದ, ಆಗ 75 ವರ್ಷದ ಒಬ್ಬ ಅಂಕಲ್. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ಈ ಕಥೆ ಹೇಳೋಕೆ ಒಪ್ಪಿಗೆ ಕೊಟ್ಟಿದ್ದಾರೆ.

ಎರಡು ತಿಂಗಳ ಹಿಂದೆ ಅವರ ಫೋನ್ ಬಂತು. "ಪಾಸ್ಟರ್, ಮನೆ ಖಾಲಿ ಮಾಡ್ತಾ ಇದ್ದೀನಿ. ಮಗಳ ಫ್ಲ್ಯಾಟ್‌ಗೆ ಹೋಗ್ತೀನಿ. ಮೇಲಿನ ರೂಮಲ್ಲಿ ಸ್ವಲ್ಪ ಸಾಮಾನು ಇದೆ, ಬಿಚ್ಚೋಕೆ ಒಂದು ಶನಿವಾರ ಬರ್ತೀರಾ?" ಹಳೇ ಮಂಚ, ಬೀರು ಇರಬೇಕು ಅಂದ್ಕೊಂಡು ಹೋದೆ. ಮಹಡಿ ಮೇಲೆ ಒಂದು ಶೀಟ್ ರೂಮ್. ಬೀಗ ತೆಗೆದ್ರು. ಒಳಗೆ ಗೋಡೆಯಿಂದ ಗೋಡೆಗೆ ಒಂದು ದೊಡ್ಡ ಪ್ಲೈವುಡ್ ಹಲಗೆ, ಅದರ ಮೇಲೆ ಬೆಟ್ಟ, ಸುರಂಗ, ಸೇತುವೆ, ಒಂದು ಸ್ಟೇಷನ್, ಹಳಿಗಳು, ರೈಲುಗಳು. ಎಲ್ಲದರ ಮೇಲೂ ಧೂಳು.

ಈ ಹವ್ಯಾಸಕ್ಕೆ ಮಾಡೆಲ್ ರೈಲು ಅಂತಾರೆ. ಹೀಗೆ ಕಟ್ಟಿದ ಇಡೀ ದೃಶ್ಯಕ್ಕೆ ಲೇಔಟ್ ಅಂತಾರೆ. ಬೆಂಗಳೂರಲ್ಲಿ ಲೇಔಟ್ ಅಂದ ತಕ್ಷಣ ನಿಮಗೆ ಸೈಟ್ ನೆನಪಾಗುತ್ತೆ, ಇದು ಆ ಲೇಔಟ್ ಅಲ್ಲ! ಮಕ್ಕಳ ಆಟಿಕೆ ಅಂದ್ಕೊಳ್ಳಬೇಡಿ. ಅಸಲಿ ರೈಲನ್ನ 87 ಪಟ್ಟು ಚಿಕ್ಕದು ಮಾಡಿದ ಅಳತೆ ಅದು. ಎರಡು ಹಳಿಗಳ ಮಧ್ಯೆ 16.5 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ಬೆರಳಿನ ಅಗಲ. ಅಂಕಲ್ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. 1974ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಂದರಲ್ಲಿ ಹಡಗು ನಿಂತಾಗ ಮಾರ್ಕ್ಲಿನ್ ಕಂಪನಿಯ ಒಂದು ಸೆಟ್ ತಗೊಂಡ್ರಂತೆ. ಅಲ್ಲಿಂದ ಶುರು.

ಆದ್ರೆ ಆ ಹಲಗೆ ಮೇಲೆ ಇದ್ದದ್ದು ಜರ್ಮನಿ ಅಲ್ಲ. ನಮ್ಮ ಸಕಲೇಶಪುರದ ಘಾಟಿ. ಹಾಸನ-ಮಂಗಳೂರು ರೈಲು ಮಾರ್ಗ 1979ರಲ್ಲಿ ಪೂರ್ತಿಯಾಯ್ತು. ಆ ಹೊಸದರಲ್ಲಿ ಅಂಕಲ್ ಮತ್ತು ಆಂಟಿ ಅದರಲ್ಲಿ ಪ್ರಯಾಣ ಮಾಡಿದ್ರಂತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳು. "ನನ್ನ ರೂಮಲ್ಲಿ ನಾಲ್ಕು ಮಾತ್ರ ಹಿಡಿಸಿತು ಪಾಸ್ಟರ್" ಅಂದ್ರು. ಬೆಟ್ಟ ಅಂದ್ರೆ ಕೋಳಿ ಜಾಲರಿ ಮೇಲೆ ನ್ಯೂಸ್‌ಪೇಪರ್, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಆಗ ಅಲ್ಲಿ ಓಡ್ತಾ ಇದ್ದ ವೈಡಿಎಂ-4 ಡೀಸೆಲ್ ಎಂಜಿನ್ನಿನ ಮೈಯನ್ನ ಹಿತ್ತಾಳೆ ತಗಡಲ್ಲಿ ಕತ್ತರಿಸಿ, ಬೆಸುಗೆ ಹಾಕಿ, ಜರ್ಮನ್ ಎಂಜಿನ್ನಿನ ಚಕ್ರಗಳ ಮೇಲೆ ಕೂರಿಸಿದ್ರು. ಅದಕ್ಕೇ ಒಂದೂವರೆ ವರ್ಷ ಹಿಡಿದಿತ್ತಂತೆ. "ಆಗಿನ ಘಾಟಿ ಲೈನ್ ಮೀಟರ್ ಗೇಜ್. ಲೆಕ್ಕದ ಪ್ರಕಾರ ನನ್ನ ಹಳಿ 12 ಮಿಲಿಮೀಟರ್ ಇರಬೇಕಿತ್ತು, ತಪ್ಪು ಗೊತ್ತು, ಏನ್ ಮಾಡೋದು" ಅಂತ ನಕ್ಕರು.

ನಾನು ಕೇಳಿದೆ, "ಅಂಕಲ್, ಇಷ್ಟು ಧೂಳು ಯಾಕೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು, "ನೀವು ಅವತ್ತು ವಿಗ್ರಹದ ಬಗ್ಗೆ ಹೇಳಿದ್ರಲ್ಲ ಪಾಸ್ಟರ್. ಬೀಗ ಹಾಕಿದ ರೂಮ್ ಅಂದ್ರಿ. ನನಗೇ ಹೇಳ್ತಾ ಇದ್ದಾರೆ ಅನ್ನಿಸ್ತು. ಬಂದು ಸ್ವಿಚ್ ಆಫ್ ಮಾಡಿದೆ. ಆಮೇಲೆ ಹಾಕಲೇ ಇಲ್ಲ."

ದೇವಜನರೇ, ಆ ಎರಡು ವರ್ಷದಲ್ಲಿ ಏನಾಯ್ತು ಅಂದ್ರೆ, ಅವರ ಕೈ ನಡುಗೋಕೆ ಶುರುವಾಯ್ತು. ಈಗ ಕಾಫಿ ಲೋಟ ಹಿಡಿಯೋದೇ ಕಷ್ಟ. ಅವರ ಕೈ ಸ್ಥಿರವಾಗಿದ್ದ ಕೊನೇ ಎರಡು ವರ್ಷವನ್ನ ನನ್ನ ಒಂದು ವಾಕ್ಯ ತಗೊಂಡುಬಿಡ್ತು. ನಾನು ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ.

ಈಗ ಬೈಬಲ್ ತೆಗೀರಿ. 1 ಪೂರ್ವಕಾಲವೃತ್ತಾಂತ 17ನೇ ಅಧ್ಯಾಯ. ದಾವೀದನಿಗೆ ದೇವಾಲಯ ಕಟ್ಟೋ ಆಸೆ. ಪ್ರವಾದಿ ನಾತಾನನ ಹತ್ರ ಹೇಳ್ತಾನೆ. ನಾತಾನ ಏನ್ ಮಾಡ್ದ? ಪ್ರಾರ್ಥನೆ ಮಾಡಲಿಲ್ಲ, ದೇವರನ್ನ ಕೇಳಲಿಲ್ಲ. ಮನಸ್ಸಲ್ಲಿ ಇರೋದನ್ನ ಮಾಡು, ದೇವರು ನಿನ್ನ ಜೊತೆ ಇದ್ದಾನೆ ಅಂತ ಅಲ್ಲೇ ಹೇಳಿಬಿಟ್ಟ. ಅದೇ ರಾತ್ರಿ ದೇವರ ಮಾತು ಅವನಿಗೆ ಬಂತು: ನೀನು ವಾಪಸ್ ಹೋಗಿ ಬೇರೆ ಮಾತು ಹೇಳು. ಯೋಚಿಸಿ, ಅರಮನೆಗೆ ವಾಪಸ್ ಹೋಗಿ, ರಾಜನ ಮುಂದೆ ನಿಂತು, ಮೊದಲು ಹೇಳಿದ್ದು ನನ್ನ ಮಾತು, ಇದು ದೇವರ ಮಾತು ಅನ್ನೋದು ಎಷ್ಟು ಕಷ್ಟ! ನಾತಾನ ಅವಸರದಲ್ಲಿ "ಮಾಡು" ಅಂದ. ನಾನು ಅವಸರದಲ್ಲಿ "ಬಿಡು" ಅಂದೆ. ಎರಡೂ ದೇವರನ್ನ ಕೇಳದೆ ಹೇಳಿದ್ದೇ. ಹಾಗಾಗಿ ಆ ಸ್ಟೂಲ್ ಮೇಲಿಂದ ಎದ್ದು, ಅವರ ಕೈ ಹಿಡ್ಕೊಂಡು ಕ್ಷಮೆ ಕೇಳಿದೆ. ಇವತ್ತು ನಿಮ್ಮ ಹತ್ರಾನೂ ಕೇಳ್ತೀನಿ.

ಅಂಕಲ್ ಕೂಡಲೇ "ಪರವಾಗಿಲ್ಲ ಬಿಡಿ" ಅನ್ನಲಿಲ್ಲ. ಅದನ್ನ ನಾನು ಮರೆಯಲ್ಲ. ನಿಧಾನಕ್ಕೆ ಹೇಳಿದ್ರು, "ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ ಪಾಸ್ಟರ್. ಒಂದು ಕಾಲದಲ್ಲಿ ಇದು ನನಗೆ ವಿಗ್ರಹವೇ ಆಗಿತ್ತು. ಹಡಗಿಂದ ರಜೆಗೆ ಬಂದ್ರೂ ಮೇಲೇ ಇರ್ತಿದ್ದೆ. ಇವಳು ಕೆಳಗಿಂದ ಊಟಕ್ಕೆ ನಾಲ್ಕು ಸಲ ಕೂಗೋಳು. ಇಳೀತಾ ಇರಲಿಲ್ಲ. ಒಂದಿನ ಕೂಗೋದನ್ನೇ ನಿಲ್ಲಿಸಿಬಿಟ್ಲು. ಆ ಮೌನ ಕೇಳಿ ನನಗೆ ಭಯ ಆಯ್ತು. ಇಳಿದು ಹೋಗಿ ನೋಡಿದ್ರೆ ಕತ್ತಲಲ್ಲಿ ಕೂತಿದ್ಲು. ಅವತ್ತಿಂದ ಒಂದು ನಿಯಮ ಮಾಡ್ಕೊಂಡೆ. ಮೊದಲನೇ ಕೂಗಿಗೇ ಇಳೀಬೇಕು. ಕೈಯಲ್ಲಿ ಬೆಸುಗೆ ಇದ್ರೂ ಸರಿ, ಟ್ರೈನ್ ಸುರಂಗದ ಒಳಗೆ ಇದ್ರೂ ಸರಿ."

ಆಮೇಲೆ ಏನಾಯ್ತು ಗೊತ್ತಾ? ಸ್ವಲ್ಪ ದಿನಕ್ಕೆ ಆಂಟಿನೇ ಮೇಲೆ ಬರೋಕೆ ಶುರು ಮಾಡಿದ್ರು. ಆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮೇಲೆ ಎರಡು ಸೆಂಟಿಮೀಟರ್ ಎತ್ತರದ ಜನ ನಿಂತಿದ್ದಾರೆ. ಅವರಿಗೆಲ್ಲ ಸೀರೆ, ಪಂಚೆಯ ಬಣ್ಣ ಹಚ್ಚಿದ್ದು ಆಂಟಿ. ಆರು ವರ್ಷದ ಹಿಂದೆ ಆಂಟಿ ಕರ್ತನಲ್ಲಿ ನಿದ್ರೆಹೋದ್ರು. ಅದಾದ ಮೇಲೆ ಅಂಕಲ್‌ಗೆ ಆ ರೂಮ್ ಯಾಕೆ ಬೇಕಿತ್ತು ಅಂತ ಈಗ ನಿಮಗೆ ಅರ್ಥ ಆಗಿರಬೇಕು. ಅದನ್ನೇ ನಾನು ಆಫ್ ಮಾಡು ಅಂದಿದ್ದೆ.

ಪ್ರಿಯ ಯೌವನಸ್ಥರೇ, ನಾಲ್ಕು ವರ್ಷ ಬೈಬಲ್ ಕಾಲೇಜಿನ ಡಿಪ್ಲೊಮಾ ಕಲಿಸದ ಒಂದು ಪರೀಕ್ಷೆ ಅವರು ನನಗೆ ಕಲಿಸಿದ್ರು. ಒಂದು ವಸ್ತು ವಿಗ್ರಹವೋ ವರದಾನವೋ ಅಂತ ವಸ್ತುವನ್ನ ನೋಡಿ ಹೇಳೋಕೆ ಆಗಲ್ಲ. ಕೆಳಗಿಂದ ಕೂಗಿದಾಗ ಇಳಿದು ಬರ್ತೀರಾ? ಅಷ್ಟೇ ಪ್ರಶ್ನೆ. ಅಮ್ಮ ಕರೆದಾಗ, ಹೆಂಡತಿ ಕರೆದಾಗ, ಸ್ನೇಹಿತ ರಾತ್ರಿ ಅಳ್ತಾ ಫೋನ್ ಮಾಡಿದಾಗ, ದೇವರು ಮೆಲ್ಲಗೆ ಹೆಸರು ಹಿಡಿದಾಗ, ಗಿಟಾರ್ ಕೆಳಗಿಡ್ತೀರಾ? ಕಂಟ್ರೋಲರ್ ಬಿಡ್ತೀರಾ? ಇಳಿದು ಬರೋನ ಕೈಯಲ್ಲಿ ಅದು ವರದಾನ. ಇಳೀದೇ ಇರೋನ ಕೈಯಲ್ಲಿ ಬೈಬಲ್ ಸ್ಟಡಿನೂ ವಿಗ್ರಹ ಆಗಬಹುದು. ಸೇವೆನೂ ಆಗಬಹುದು. ಈ ಮೈಕ್ ಕೂಡ ಆಗಬಹುದು. ಆಮೆನ್?

ಯಾರಾದ್ರೂ ಕೇಳಬಹುದು, "ಬ್ರದರ್, ಪೌಲ ಎಲ್ಲವನ್ನೂ ಕಸ ಅಂತ ಎಣಿಸಿದನಲ್ಲ?" ಹೌದು, ಫಿಲಿಪ್ಪಿ 3ನೇ ಅಧ್ಯಾಯ. ಆದ್ರೆ ಅಲ್ಲಿ ಅವನು ಎಣಿಸ್ತಾ ಇರೋದು ಏನನ್ನ? ತನ್ನ ಕುಲ, ತನ್ನ ಸುನ್ನತಿ, ಧರ್ಮಶಾಸ್ತ್ರದಿಂದ ಬರುತ್ತೆ ಅಂದ್ಕೊಂಡಿದ್ದ ತನ್ನ ನೀತಿ. ಇದರಿಂದ ನನಗೆ ರಕ್ಷಣೆ ಅಂತ ನಂಬಿದ್ದನ್ನ ಬಿಟ್ಟ. ಅದೇ ಪೌಲ 2 ತಿಮೊಥೆಯ 4:13ರಲ್ಲಿ, ಸಾವು ಎದುರಿಗಿರುವಾಗ, ತ್ರೋವದಲ್ಲಿ ಕರ್ಪನ ಹತ್ರ ಬಿಟ್ಟುಬಂದ ನಿಲುವಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಗೊಂಡು ಬಾ, ಚರ್ಮದ ಕಾಗದ ಮರೀಬೇಡ ಅಂತ ಬರೀತಾನೆ. ವಸ್ತುಗಳನ್ನ ದ್ವೇಷಿಸೋದು ಪವಿತ್ರತೆ ಅಲ್ಲ.

ಆದ್ರೂ ಒಂದಿನ ಬಿಡಲೇಬೇಕು. ಅಂಕಲ್‌ಗೆ ಆ ದಿನ ಬಂದಿತ್ತು. ಹಲಗೆ ಕೆಳಗೆ ತೆವಳಿ ವೈರ್ ಸರಿ ಮಾಡೋಕೆ ಬೆನ್ನು ಬಗ್ಗಲ್ಲ. ಕಣ್ಣಿಗೆ ಹಳಿ ಮಂಜು ಮಂಜು. ಮಗಳ ಮನೆಯಲ್ಲಿ ಎರಡೇ ಬೆಡ್‌ರೂಮ್. ನನ್ನ ಸಂದೇಶಕ್ಕೆ ಹೆದರಿ ಬಿಡೋದು ಬೇರೆ, ತಾನಾಗಿ ಕೃತಜ್ಞತೆಯಿಂದ ಬಿಡೋದು ಬೇರೆ. ನಾನು ಕೇಳಿದೆ, "ಅಂಕಲ್, ಬಿಚ್ಚೋ ಮುಂಚೆ ಒಂದು ಸಲ ಓಡಿಸೋಣವಾ?"

ಅವತ್ತು ಪೂರ್ತಿ ಅದೇ ಕೆಲಸ. ಹಳಿ ಒರೆಸಿದ್ವಿ. ಟ್ರಾನ್ಸ್‌ಫಾರ್ಮರ್ ಆನ್ ಮಾಡಿದ್ರೆ ಎಂಜಿನ್ ಗುಂಯ್ ಅಂತು, ಅಲ್ಲಾಡಲಿಲ್ಲ. ಎರಡು ವರ್ಷಕ್ಕೆ ಎಣ್ಣೆ ಗಟ್ಟಿಯಾಗಿತ್ತು. ಸೂಜಿ ತುದಿಯಲ್ಲಿ ಒಂದು ಹನಿ ಎಣ್ಣೆ ಬಿಡಿ ಅಂದ್ರು. ಚಕ್ರಗಳನ್ನ ಹಳಿ ಮೇಲೆ ಕೂರಿಸೋಕೆ ಅವರ ಕೈಗೆ ಆಗಲಿಲ್ಲ, ಮೂರು ಸಲ ಜಾರಿತು. "ನೀವೇ ಇಡಿ ಪಾಸ್ಟರ್" ಅಂದ್ರು. ನಾನು ವಿಗ್ರಹ ಅಂದಿದ್ದನ್ನ ನನ್ನ ಕೈಯಿಂದಲೇ ಹಳಿ ಮೇಲೆ ಇಟ್ಟೆ. ಆ ಹಿತ್ತಾಳೆ ಎಂಜಿನ್ ಮೆಲ್ಲಗೆ ಹೊರಟು, ಮೊದಲನೇ ಸುರಂಗದಲ್ಲಿ ಮರೆಯಾಗಿ, ಸೇತುವೆ ಮೇಲೆ ಬಂತು. ಅಂಕಲ್ ಏನೂ ಮಾತಾಡಲಿಲ್ಲ. ಹನ್ನೊಂದು ಸುತ್ತು ಓಡಿಸಿದ್ರು. ಹನ್ನೊಂದನೇ ಸುತ್ತಲ್ಲಿ ಸ್ಟೇಷನ್‌ನಲ್ಲಿ, ಆಂಟಿ ಬಣ್ಣ ಹಚ್ಚಿದ ಜನರ ಮುಂದೆ ನಿಲ್ಲಿಸಿ, ತಾವೇ ಸ್ವಿಚ್ ಆಫ್ ಮಾಡಿದ್ರು. ಆಮೇಲೆ ಪ್ರಾರ್ಥನೆ ಮಾಡಿದ್ರು. ಸ್ತೋತ್ರ ಬಿಟ್ರೆ ಅದರಲ್ಲಿ ಒಂದೇ ಒಂದು ಬೇಡಿಕೆ ಇರಲಿಲ್ಲ.

ಮುಂದಿನ ಎರಡು ಶನಿವಾರ ಪ್ಯಾಕಿಂಗ್. ಪ್ಯಾಕ್ ಮಾಡ್ತಾ ಅವರು ಈ ಹವ್ಯಾಸದವರ ಕಥೆ ಹೇಳೋರು. ನೀವು ಚಿಕ್ಕವರಿದ್ದಾಗ ನೋಡಿದ ಥಾಮಸ್ ಕಾರ್ಟೂನ್ ಇದೆಯಲ್ಲ, ಆ ಕಥೆಗಳನ್ನ ಬರೆದದ್ದು ಇಂಗ್ಲೆಂಡಿನ ಒಬ್ಬ ಸಭಾಪಾಲಕ, ರೆವರೆಂಡ್ ವಿಲ್ಬರ್ಟ್ ಆಡ್ರಿ. ಕಾಯಿಲೆ ಬಿದ್ದ ಮಗನಿಗೆ ಹೇಳಿದ ಕಥೆಗಳು ಅವು, ಮೊದಲ ಪುಸ್ತಕ 1945ರಲ್ಲಿ ಬಂತು. ಅವರ ಮನೆಯಲ್ಲೂ ಮಾಡೆಲ್ ರೈಲು ಇತ್ತು.

ಇನ್ನಿಬ್ಬರ ಕಥೆ ನನ್ನ ಮನಸ್ಸಲ್ಲಿ ಉಳೀತು. ಒಬ್ಬರು ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿದ್ದ ಜಾನ್ ಅಲೆನ್. ಈ ಹವ್ಯಾಸದಲ್ಲಿ ಅವರಷ್ಟು ಹೆಸರು ಮಾಡಿದವರು ಕಡಿಮೆ. ಮನೆಯ ನೆಲಮಾಳಿಗೆಯಲ್ಲಿ ವರ್ಷಾನುಗಟ್ಟಲೆ ಒಂದು ಬೆಟ್ಟಗಳ ಲೋಕವನ್ನೇ ಕಟ್ಟಿದ್ರು, ಮುಗಿಯೋ ಹಂತಕ್ಕೆ ಬಂದಿತ್ತು. 1973ರ ಜನವರಿಯಲ್ಲಿ ಹೃದಯಾಘಾತ ಆಗಿ ತೀರಿಕೊಂಡ್ರು. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ಹೆಚ್ಚುಕಮ್ಮಿ ಎಲ್ಲಾ ಸುಟ್ಟುಹೋಯ್ತು. ವಿದಾಯ ಹೇಳೋಕೆ ಅವರಿಗೆ ಒಂದು ದಿನವೂ ಸಿಗಲಿಲ್ಲ.

ಇನ್ನೊಬ್ಬರು ಇಂಗ್ಲೆಂಡಿನ ರೆವರೆಂಡ್ ಪೀಟರ್ ಡೆನ್ನಿ, ಇವರೂ ಸಭಾಪಾಲಕರು. 1940ರ ದಶಕದಲ್ಲಿ ಶುರು ಮಾಡಿದ ಬಕಿಂಗ್‌ಹ್ಯಾಮ್ ಅನ್ನೋ ಲೇಔಟನ್ನ ಜೀವನಪೂರ್ತಿ ಕಟ್ಟಿದ್ರು. ಒಂದು ಸ್ಟೇಷನ್ ನೋಡಿಕೊಳ್ಳೋಕೆ ಮಗ ಕ್ರಿಸ್ಪಿನ್ ಸಿಗದಿದ್ದಾಗ ಅವನ ಕೆಲಸ ಮಾಡೋ ಒಂದು ಯಂತ್ರ ಮಾಡಿ, ಅದಕ್ಕೆ 'ಆಟೊಮ್ಯಾಟಿಕ್ ಕ್ರಿಸ್ಪಿನ್' ಅಂತ ಹೆಸರಿಟ್ರು! ನಗಬೇಡಿ, ಮನೆಯಲ್ಲಿ ಅಪ್ಪ ಕರೆದಾಗ ನಿಮ್ಮ ಜಾಗದಲ್ಲಿ ಯಾವ ಯಂತ್ರ ಇಡಬೇಕು ಅಂತ ಅವರೂ ಯೋಚಿಸ್ತಾ ಇರಬಹುದು. ಡೆನ್ನಿಯವರ ನಂತರ ಆ ರೈಲು ಕಸದ ಗಾಡಿಗೆ ಹೋಗಲಿಲ್ಲ. ಅದನ್ನ ಪ್ರೀತಿಸಿದ ಇನ್ನೊಬ್ಬ ಹವ್ಯಾಸಿ ತನ್ನ ಮನೆಗೆ ತಗೊಂಡು ಹೋಗಿ, ಜೋಡಿಸಿ, ಮತ್ತೆ ಓಡಿಸಿದ.

ಇಬ್ಬರಲ್ಲಿ ಯಾರೂ ಹೆಚ್ಚು ಭಕ್ತರು, ಕಡಿಮೆ ಭಕ್ತರು ಅಂತ ನಾನು ಹೇಳ್ತಾ ಇಲ್ಲ. ಬೆಂಕಿ ಯಾರಿಗೂ ಬರಬಹುದು. ನಮಗೆ ಗೊತ್ತಿಲ್ಲದ ದಿನ ಒಂದು ಇದೆ ಅಂತ ಅಷ್ಟೇ. ಹಾಗಾಗಿ ಕೈ ಬೆಚ್ಚಗಿರುವಾಗಲೇ ಕೈ ತೆರೆಯೋದು ಕಲೀಬೇಕು.

ಮತ್ತೆ ದಾವೀದನ ಹತ್ರ ಬನ್ನಿ, 28ನೇ ಅಧ್ಯಾಯ. ಈಗ ಅವನು ಮುದುಕ. ಜೀವನದ ದೊಡ್ಡ ಆಸೆಗೆ ದೇವರು "ಬೇಡ" ಅಂದಿದ್ದಾನೆ. ಅವನಿಗೆ ಮೂರು ದಾರಿ ಇತ್ತು. ಹಠ ಮಾಡಿ ಕಟ್ಟಬಹುದಿತ್ತು. ಮುನಿಸಿಕೊಂಡು, ಆ ದೇವಾಲಯವೇ ಬೇಡ ಅನ್ನಬಹುದಿತ್ತು. ಮೂರನೇದು ಅವನು ಮಾಡಿದ್ದು: ಸಾಮಾನು ಕೂಡಿಸಿದ. 22ನೇ ಅಧ್ಯಾಯದಲ್ಲಿ ಲೆಕ್ಕ ಇದೆ, 1,00,000 ತಲಾಂತು ಬಂಗಾರ, 10,00,000 ತಲಾಂತು ಬೆಳ್ಳಿ. ನಕ್ಷೆ ಬರೆದಿಟ್ಟ. ಕೋಣೆ ಎಲ್ಲಿ, ಮೇಲಂತಸ್ತು ಎಲ್ಲಿ, ಒಂದೊಂದು ದೀಪಸ್ತಂಭಕ್ಕೆ ಎಷ್ಟು ತೂಕದ ಬಂಗಾರ ಅನ್ನೋವರೆಗೂ! ಎಷ್ಟು ಪ್ರೀತಿ ಇದ್ರೆ ಅಷ್ಟು ವಿವರ ಬರುತ್ತೆ ಹೇಳಿ. ಅಷ್ಟು ಪ್ರೀತಿಸಿದ್ದನ್ನ ಎದ್ದು ನಿಂತು ಮಗನ ಕೈಗೆ ಕೊಟ್ಟ. 29ನೇ ಅಧ್ಯಾಯದಲ್ಲಿ ಸ್ತೋತ್ರ ಮಾಡ್ತಾನೆ. ಅದರ ಸಾರ ಏನು? ನಾವು ಕೊಟ್ಟದ್ದೂ ನಿನ್ನಿಂದ ಬಂದದ್ದೇ ಕರ್ತನೇ, ನಿನ್ನದನ್ನೇ ನಿನಗೆ ಕೊಟ್ಟಿದ್ದೇವೆ ಅಂತ. ಆ ಕಟ್ಟಡ ಎದ್ದು ನಿಂತದ್ದನ್ನ ಅವನು ಕಣ್ಣಾರೆ ನೋಡಲಿಲ್ಲ. ಮೇಲಿಂದ ಕೂಗು ಬಂತು, ಅವನು ಇಳಿದು ಬಂದ. ಹಲ್ಲೆಲೂಯ!

ಇಳಿದು ಬರೋದು ನೋವಿಲ್ಲದ ಕೆಲಸ ಅಂತ ಸುಳ್ಳು ಹೇಳಲ್ಲ. ಬೆಟ್ಟಗಳನ್ನ ಸಾಗಿಸೋಕೆ ಆಗಲಿಲ್ಲ. ಗರಗಸದಿಂದ ಕೊಯ್ದಾಗ ಪ್ಲಾಸ್ಟರ್ ಪುಡಿಪುಡಿಯಾಯ್ತು. ಒಳಗಿಂದ ಹಳೇ ನ್ಯೂಸ್‌ಪೇಪರ್ ಹೊರಗೆ ಬಂತು. ಒಂದು ಹಾಳೆಯ ಅಂಚಿನಲ್ಲಿ ಆಂಟಿ ಪೆನ್ಸಿಲ್‌ನಲ್ಲಿ ಬರೆದಿದ್ದ ದಿನಸಿ ಪಟ್ಟಿ ಇತ್ತು: ತೊಗರಿಬೇಳೆ, ಸೋಪು, ಬೆಂಕಿಪೊಟ್ಟಣ. ಅಂಕಲ್ ಅದನ್ನ ಮಡಚಿ ಜೇಬಲ್ಲಿ ಇಟ್ಕೊಂಡು ಆಚೆ ಹೋಗಿ ಸ್ವಲ್ಪ ಹೊತ್ತು ನಿಂತ್ರು. ಯಾರೂ ಅವರನ್ನ ಕರೀಲಿಲ್ಲ. ಅಳೋದು ಅಪನಂಬಿಕೆ ಅಲ್ಲ, ದೇವಜನರೇ. ಲಾಜರನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದ ಯೇಸುವೂ ಸಮಾಧಿ ಹತ್ರ ಕಣ್ಣೀರು ಹಾಕಿದ.

ಕೊನೇ ಶನಿವಾರ ಬಾಕ್ಸ್ ಹೊರೋಕೆ ನಮ್ಮ ಸಂಡೇ ಸ್ಕೂಲಿನ 14 ವರ್ಷದ ಒಬ್ಬ ಹುಡುಗ ಬಂದಿದ್ದ. ಹೊರೋದು ಬಿಟ್ಟು, ಹಲಗೆ ಕೆಳಗಿನ ವೈರ್ ನೋಡ್ತಾ ನಿಂತುಬಿಟ್ಟ. "ತಾತ, ಈ ಕೆಂಪು ವೈರ್ ಎಲ್ಲಿಗೆ ಹೋಗುತ್ತೆ?" ಅಂಕಲ್ ಮುಖ ಬೆಳಗಿತು. ಒಂದು ಗಂಟೆ ಪಾಠ ಆಯ್ತು. ಮಧ್ಯಾಹ್ನ ಟೆಂಪೊ ಹೊರಟಾಗ ಹಳಿಗಳು, ಟ್ರಾನ್ಸ್‌ಫಾರ್ಮರ್, ಎರಡು ಎಂಜಿನ್ ಆ ಹುಡುಗನ ಮನೆಗೆ ಹೋದವು. ಉಳಿದದ್ದನ್ನ ಮಾರಿದ್ರು, ಆ ಹಣ ಎಲ್ಲಿಗೆ ಹೋಯ್ತು ಅಂತ ನಾನು ಹೇಳಲ್ಲ, ಎಡಗೈಗೆ ಗೊತ್ತಾಗಬಾರದು. ಹಿತ್ತಾಳೆಯ ಆ ಎಂಜಿನ್ ಮತ್ತು ಆಂಟಿ ಬಣ್ಣ ಹಚ್ಚಿದ ಜನ ಮಾತ್ರ ಈಗ ಮಗಳ ಮನೆಯ ಶೆಲ್ಫ್ ಮೇಲಿವೆ. ಎಲ್ಲಾ ಕೊಟ್ಟುಬಿಡಬೇಕು ಅಂತ ನಿಯಮ ಇಲ್ಲ. ಪೌಲನೂ ನಿಲುವಂಗಿ ತರಿಸಿಕೊಂಡ.

ಯೌವನಸ್ಥರೇ, ನಿಮ್ಮಲ್ಲಿ ಹೆಚ್ಚಿನವರಿಗೆ ಬಿಡೋ ವಯಸ್ಸು ಇನ್ನೂ ಬಂದಿಲ್ಲ. ನೀವು ಈ ಕಥೆಯಲ್ಲಿ ಸೊಲೊಮೋನ, ತಗೊಳ್ಳೋನು. ನಿಮ್ಮ ಮನೆಯಲ್ಲಿ ಒಬ್ಬ ಅಜ್ಜ, ಒಬ್ಬ ದೊಡ್ಡಮ್ಮ ಇರಬಹುದು. ಹೊಲಿಗೆ ಮಷೀನ್, ಅಂಚೆಚೀಟಿ, ಹಾರ್ಮೋನಿಯಂ, ಏನೋ ಒಂದನ್ನ ಇಟ್ಕೊಂಡು ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಾ ಇರಬಹುದು. ಅದನ್ನ ಮಾರಿದ್ರೆ ಎಷ್ಟು ಬರುತ್ತೆ ಅಂತ ಕೇಳಬೇಡಿ. ಈ ಕೆಂಪು ವೈರ್ ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಈ ವಾರವೇ ಕೇಳಿ. ಮತ್ತು ನಿಮ್ಮ ಕೈಯಲ್ಲಿ ಇವತ್ತು ಏನಿದೆಯೋ, ಅದನ್ನ ಸಂತೋಷವಾಗಿ ಮಾಡಿ, ಚೆನ್ನಾಗಿ ಮಾಡಿ. ಕೆಳಗಿಂದ ಕೂಗು ಬಂದಾಗ ಮೊದಲನೇ ಕೂಗಿಗೇ ಇಳೀರಿ. ಪ್ರತಿದಿನ ಹೀಗೆ ಇಳಿದು ರೂಢಿ ಇರೋನಿಗೆ ಕೊನೇ ಸಲ ಇಳಿಯೋದು ಗೊತ್ತಿರೋ ಮೆಟ್ಟಿಲೇ ಆಗಿರುತ್ತೆ.

ಎದ್ದು ನಿಲ್ಲೋಣ. ಕೈಗಳನ್ನ ತೆರೆದು ಹಿಡಿಯೋಣ.

ಪರಲೋಕದ ತಂದೆಯೇ, ಅವಸರದಲ್ಲಿ ನಿನ್ನ ಹೆಸರಿನಲ್ಲಿ ಮಾತಾಡಿ ಒಬ್ಬರ ಸಂತೋಷವನ್ನ ಆರಿಸಿದ ನನ್ನನ್ನು ಕ್ಷಮಿಸು. ನಮ್ಮ ಕೈಗೆ ಕೊಟ್ಟದ್ದೆಲ್ಲ ನಿನ್ನದೇ ಅಂತ ನೆನಪಿಸು. ನೀನು ಕೂಗಿದಾಗ ಕೇಳುವ ಕಿವಿ ಕೊಡು, ಇಳಿದು ಬರುವ ಕಾಲು ಕೊಡು. ನಡುಗುವ ಕೈಗಳನ್ನ ನಿನ್ನ ಕೈಯಲ್ಲಿ ಹಿಡಿದುಕೋ ಕರ್ತನೇ. ಯೇಸುವಿನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ, ಆಮೆನ್.